ಮಧ್ಯದ ಕಾಲಂ

ಮನುಷ್ಯನ ಮಿದುಳಿನ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು, ಕಪ್ಪು ಗೆರೆ ಇರುತ್ತದೆ. ಕಣ್ಣಿಗೆ ತೀಡಿದ ಕಾಡಿಗೆಯಂಥ ಗೆರೆ. ನೋಡಲು ಮೈಕ್ರೋಸ್ಕೋಪೂ ಬೇಡ. ನಡುಕದ ರೋಗ ಬಂದವರಲ್ಲಿ ಅದು ಮಾಸಿಹೋಗಿರುತ್ತದೆ, ಅತ್ತವರು ಕಣ್ಣೊರೆಸಿಕೊಂಡ ಹಾಗೆ. ಅದನ್ನು ನನಗೆ ಮೊದಲು ತೋರಿಸಿದವರು ಡಾಕ್ಟರ್ ಸರ್ವಮಂಗಳಾ.

ಆಗ ನಾನು ಅವರ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿದ್ದೆ. ಸತ್ತವರು ದಾನ ಕೊಟ್ಟುಹೋದ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಹಾಕುವುದು ನನ್ನ ಕೆಲಸ. ಮನೆಯಲ್ಲಿ ಒಂದು ಬದನೆಕಾಯಿ ನೆಟ್ಟಗೆ ಹೆಚ್ಚಲು ಬಾರದವನು ಎಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ. ನಾನು ಕತ್ತರಿಸಿಕೊಟ್ಟ ಕಪ್ಪು ಗೆರೆಯ ಕೋಶಗಳನ್ನು ಡಾಕ್ಟರು ಒಂದೊಂದಾಗಿ ಎಣಿಸುತ್ತಿದ್ದರು.

ಅವರು ಬರುವ ಮುಂಚೆ ನಮ್ಮ ಎಣಿಕೆಯ ಹಾಳೆಯಲ್ಲಿ ಇದ್ದದ್ದು ಎರಡೇ ಕಾಲಂ: ಉಳಿದದ್ದು, ಹೋದದ್ದು. ಅವರು ನಡುವೆ ಇನ್ನೊಂದು ಗೀಟು ಎಳೆದು ‘ಗಾಯಗೊಂಡದ್ದು’ ಎಂದು ಬರೆದರು. ಸೊರಗಿದ, ಊದಿಕೊಂಡ, ಒಳಗೆ ಗುಲಾಬಿ ಬಣ್ಣದ ಉಂಡೆ ಕಟ್ಟಿಕೊಂಡ ಕೋಶಗಳೆಲ್ಲ ಅಲ್ಲಿಗೆ. ನಿರ್ದೇಶಕ ವೀರಭದ್ರಯ್ಯನವರಿಗೆ ಆ ಕಾಲಂ ಕಂಡರೆ ಆಗುತ್ತಿರಲಿಲ್ಲ.

“ಇವತ್ತಲ್ಲ ನಾಳೆ ಸಾಯೋವೇ ತಾನೆ? ಹೋದದ್ದರಲ್ಲೇ ಸೇರಿಸಿ,” ಎನ್ನುತ್ತಿದ್ದರು.

“ಇವತ್ತಲ್ಲ ನಾಳೆ ಸಾಯೋರು ನಾವೂ ಅಷ್ಟೇ ಸಾರ್. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕ್ತೀರಾ?” ಎಂದು ಇವರು.

ಎಂದಾದರೊಂದು ದಿನ ಔಷಧಿ ಸಿಕ್ಕರೆ ಅದು ಬೇಕಾಗುವುದು ಗಾಯಗೊಂಡ ಕೋಶಕ್ಕೆ, ಸತ್ತದ್ದಕ್ಕಲ್ಲ. ಅದನ್ನೇ ಎಣಿಸದಿದ್ದರೆ ಯಾರನ್ನು ಉಳಿಸುತ್ತೀರಿ ಎಂಬುದು ಅವರ ವಾದ. ಇಪ್ಪತ್ತು ವರ್ಷ ಅವರು ಹಿಡಿದ ಹಟ ಅದೊಂದೇ.

ಅವರದೇ ಇನ್ನೊಂದು ಕಟ್ಟಳೆಯಿತ್ತು. ಎಣಿಸುವವರಿಗೆ ಸ್ಲೈಡು ಯಾರದೆಂದು ತಿಳಿಯಬಾರದು. ಹೆಸರಿನ ಚೀಟಿಯ ಮೇಲೆ ಕಾಗದ ಅಂಟಿಸಿ ಬರೀ ನಂಬರು ಹಾಕಬೇಕು. ಎಣಿಸಿ ಮುಗಿದ ಒಂದು ಸ್ಲೈಡಿಗೆ ಹೊಸ ನಂಬರು ಅಂಟಿಸಿ, ಗೊತ್ತಾಗದ ಹಾಗೆ ಇನ್ನೊಮ್ಮೆ ಕೊಡಬೇಕು. ಎರಡು ಸಲವೂ ಒಂದೇ ಲೆಕ್ಕ ಬಂದರೆ ಆ ಕಣ್ಣನ್ನು ನಂಬಬಹುದು. ಇದಕ್ಕೆ ನಾವು ‘ಜೋಡಿ’ ಎನ್ನುತ್ತಿದ್ದೆವು.

ಒಂದು ಬೆಳಿಗ್ಗೆ ಕ್ಯಾಂಟೀನಿನ ಉಪ್ಪಿಟ್ಟು ತಳ ಹತ್ತಿತ್ತು. ನಾವೆಲ್ಲ ತಟ್ಟೆ ಸರಿಸಿದರೆ ಡಾಕ್ಟರೊಬ್ಬರೇ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದರು. “ಸೀದುಹೋಗಿದೆಯಲ್ಲ ಮೇಡಂ,” ಎಂದೆ. ಅವರು ಚಮಚ ಕೆಳಗಿಟ್ಟು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದರು, ಬಹಳ ಹೊತ್ತು. ಆಮೇಲೆ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಹೋದರು. ಈ ರೋಗದಲ್ಲಿ ಎಷ್ಟೋ ಜನರಿಗೆ ಕೈ ನಡುಗುವ ಮುಂಚೆಯೇ ಮೂಗು ಸೋಲುತ್ತದೆ ಎಂದು ಪಾಠ ಹೇಳಿದ್ದವರು ಅವರೇ. ಆದರೂ ಅದು ನನಗೆ ಹೊಳೆದದ್ದು ವರ್ಷ ಕಳೆದು, ಅವರ ಬಲಗೈ ಬಿಳಿ ಕೋಟಿನ ಜೇಬು ಬಿಟ್ಟು ಹೊರಗೆ ಬರದಾದಾಗ. ದುಂಡಗಿದ್ದ ಅವರ ಅಕ್ಷರವೂ ಅಷ್ಟರಲ್ಲಿ ಇರುವೆಯಷ್ಟಾಗಿತ್ತು. ಬಣ್ಣ ಹಾಕುವ ಕೋಣೆಯ ಬಾಗಿಲು ಹಾಕಿಕೊಂಡು ನಾನು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಸಂಗತಿ ಎಷ್ಟು ದಿನ ಮುಚ್ಚಿದ್ದೀತು? ಒಂದು ಮಧ್ಯಾಹ್ನ ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು.

“ಬಹಳ ದುಡಿದಿದ್ದೀರಿ ಡಾಕ್ಟ್ರೇ. ಇನ್ನು ವಿಶ್ರಾಂತಿ ತಗೊಳ್ಳಿ. ಎಣಿಕೆ ಬೇರೆಯವರು ಮಾಡ್ತಾರೆ, ಎರಡೇ ಕಾಲಮ್ಮಿನಲ್ಲಿ ಮುಗಿಸಿಬಿಡೋಣ.”

ಡಾಕ್ಟರು ಜೇಬಿನಿಂದ ಕೈ ತೆಗೆದು ಅವರ ಮೇಜಿನ ಮೇಲಿಟ್ಟರು. ಕೈ ನಡುಗಿದ್ದಕ್ಕೆ ನಿರ್ದೇಶಕರ ಕಾಫಿ ಲೋಟ ತಟ್ಟೆಯೊಳಗೆ ಸದ್ದು ಮಾಡಿತು.

“ಚೆನ್ನಾಗಿ ನೋಡಿ ಸಾರ್. ಸುಮ್ಮನೆ ಇಟ್ಟರೆ ಕುಣಿಯುತ್ತೆ. ಮೈಕ್ರೋಸ್ಕೋಪ್ ಹಿಡಿದರೆ ನಿಲ್ಲುತ್ತೆ. ನೀವು ಕೊಡ್ತೀನಿ ಅನ್ನೋದು ವಿಶ್ರಾಂತಿ.”

“ಎಣಿಕೆ ತಪ್ಪಿದರೆ ಸಂಸ್ಥೆಯ ಹೆಸರು ಹೋಗುತ್ತಲ್ಲ.”

“ಹಾಗಾದ್ರೆ ಪರೀಕ್ಷೆ ಮಾಡಿ. ಇಪ್ಪತ್ತು ಸ್ಲೈಡು ಕೊಡಿ. ಜೋಡಿಯ ಲೆಕ್ಕ ತಪ್ಪಿದರೆ ಕೋಣೆಯ ಬೀಗದ ಕೈ ಇಲ್ಲಿಟ್ಟು ಹೋಗ್ತೀನಿ. ತಪ್ಪದಿದ್ರೆ ಕುರ್ಚಿನೂ ಇರುತ್ತೆ, ಮಧ್ಯದ ಕಾಲಮ್ಮೂ ಇರುತ್ತೆ. ಬೇಕಾದ್ರೆ ನನ್ನನ್ನೂ ಅದರಲ್ಲೇ ಬರ್ಕೊಳ್ಳಿ.”

ನಂಬರು ಅಂಟಿಸುವವನು ನಾನು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಅವರು ಸೋಲಬಾರದೆಂಬ ಆಸೆಯಲ್ಲಿ ಜೋಡಿಯನ್ನೇ ಇಡಲಿಲ್ಲ. ಇಪ್ಪತ್ತೂ ಬೇರೆ ಬೇರೆ ಸ್ಲೈಡು. ಆಮೇಲೆ ಹಾಳೆಯಲ್ಲಿ ಒಂದು ಸಾಲನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಿದರಾಯಿತು ಎಂದುಕೊಂಡಿದ್ದೆ. ಬೆಳಿಗ್ಗೆಯಿಂದ ಅವರು ಎಣಿಸಿ ಹೇಳಿದರು, ನಾನು ಬರೆದೆ. ನಾಲ್ಕು ಗಂಟೆಗೆ ಕೊನೆಯದು ಮುಗಿಯಿತು. ಅವರು ಕೈಚಾಚಿ ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದರು.

“ಇಪ್ಪತ್ತರಲ್ಲಿ ಒಂದಕ್ಕೊಂದು ಹತ್ತಿರ ಬರೋ ಲೆಕ್ಕ ಒಂದೂ ಇಲ್ಲ,” ಎಂದರು. “ಒಂದೋ ನನ್ನ ಕಣ್ಣು ಪೂರ್ತಿ ಹೋಗಿದೆ, ಇಲ್ಲ ನೀನು ಜೋಡಿ ಇಟ್ಟಿಲ್ಲ. ಯಾವುದು ಹೇಳು.”

ಸುಳ್ಳು ಹೇಳಿದರೆ ಅವರ ಕಣ್ಣು ಹೋಗುತ್ತದೆ, ನಿಜ ಹೇಳಿದರೆ ನನ್ನ ಮಾನ ಹೋಗುತ್ತದೆ. ಇಟ್ಟಿಲ್ಲವೆಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾನು ಸೋಲ್ತೀನಿ ಅಂತ ನೀನೇ ಮೊದಲು ತೀರ್ಮಾನ ಮಾಡಿಬಿಟ್ಟೆ. ನಿರ್ದೇಶಕರಾದ್ರೂ ಮುಖದೆದುರಿಗೆ ಹೇಳಿದರು. ನೀನೂ ನನ್ನನ್ನ ಹೋದದ್ದರಲ್ಲಿ ಸೇರಿಸಿದೆಯಲ್ಲಯ್ಯಾ.”

ಹಾಳೆಯನ್ನು ಹರಿದು, ಕಾಲು ಎಳೆಯುತ್ತ ನೇರ ನಿರ್ದೇಶಕರ ಕೋಣೆಗೆ ನಡೆದರು. ನಾನು ಹಿಂದೆ ಓಡಿದೆ.

“ಇವತ್ತಿನದು ಲೆಕ್ಕಕ್ಕಿಲ್ಲ ಸಾರ್. ನಾಳೆ ಮತ್ತೆ ಎಣಿಸ್ತೀನಿ. ನಂಬರು ನೀವೇ ಅಂಟಿಸಿ. ಜೋಡಿ ಒಂದಲ್ಲ, ಮೂರು ಇಡಿ.”

ಏಕೆಂದು ಅವರು ಕೇಳಿದರು. ಡಾಕ್ಟರು ಹೇಳಲಿಲ್ಲ. ಹೇಳಿದ್ದರೆ ಅವತ್ತೇ ನನ್ನ ಕೆಲಸ ಹೋಗುತ್ತಿತ್ತು.

ಮರುದಿನ ನಿರ್ದೇಶಕರು ತಾವೇ ನಂಬರು ಅಂಟಿಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಮೈಕ್ರೋಸ್ಕೋಪಿನ ನಾಬ್ ಹಿಡಿದ ಡಾಕ್ಟರ ಕೈ ಅಲುಗಲಿಲ್ಲ. ಎರಡು ಜೋಡಿಯಲ್ಲಿ ಲೆಕ್ಕ ತಂತಾನೇ ಕೂಡಿತು. ಮೂರನೆಯದರಲ್ಲಿ ಒಂದೇ ಒಂದು ಕೋಶ ಹೆಚ್ಚು ಕಡಿಮೆ.

“ಒಂದು ತಪ್ಪಿದೆ,” ಎಂದರು ನಿರ್ದೇಶಕರು.

“ತಪ್ಪಿದೆ. ನೀವೂ ಒಂದ್ಸಲ ಕೂತು ಎಣಿಸಿ ಸಾರ್, ನಿಮ್ಮದು ಎಷ್ಟು ತಪ್ಪುತ್ತೆ ನೋಡೋಣ.”

ಅವರು ಕೂರಲಿಲ್ಲ. ಬೀಗದ ಕೈ ಡಾಕ್ಟರ ಜೇಬಿನಲ್ಲೇ ಉಳಿಯಿತು. ಆ ಕುರ್ಚಿಯಲ್ಲಿ ಅವರು ಇನ್ನೂ ಐದು ವರ್ಷ ಕೂತರು. ಕೊನೆಯ ವರ್ಷ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು ಎಣಿಸಲು ಕಲಿಸಿದರು. ನನ್ನ ತಪ್ಪಿನ ಮಾತನ್ನು ಮತ್ತೆ ಎತ್ತಲಿಲ್ಲ, ಮರೆಯಲೂ ಇಲ್ಲ.

ಅವರು ತೀರಿಕೊಂಡ ಮೇಲೆ, ಅವರೇ ಬರೆದಿಟ್ಟಿದ್ದಂತೆ, ಅವರ ಮಿದುಳು ನಮ್ಮಲ್ಲಿಗೆ ಬಂತು. ಕತ್ತರಿಸಿದವನು ನಾನೇ. ಗೆರೆ ಮಾಸಿತ್ತು. ಆದರೆ ಎಷ್ಟು ಒರೆಸಿಕೊಂಡರೂ ರೆಪ್ಪೆಯ ಬುಡದಲ್ಲಿ ಉಳಿಯುವ ಕಾಡಿಗೆಯಷ್ಟು ಇತ್ತು.

ಅವರ ಸ್ಲೈಡಿಗೆ ಹೆಸರಿನ ಚೀಟಿ ಹಚ್ಚಿ, ಬೇರೆ ಹತ್ತೊಂಬತ್ತರ ಜೊತೆ ಬೆರೆಸಿ ನಂಬರು ಅಂಟಿಸಿದವರು ವೀರಭದ್ರಯ್ಯನವರು. ನಾನು ಯಾವುದು ಯಾರದೆಂದು ತಿಳಿಯದೆ ಎಣಿಸಿ, ಅವರು ಮತ್ತೆ ಕೊಟ್ಟ ಇಪ್ಪತ್ತೊಂದನೆಯದನ್ನೂ ಎಣಿಸಿ, ಕಾಗದ ಕೀಳಲು ಕೂತೆ. ಇಪ್ಪತ್ತೊಂದರ ಕಾಗದ ಕಿತ್ತರೆ ಅದರಡಿ ಹದಿಮೂರು. ಹದಿಮೂರನ್ನು ಕಿತ್ತರೆ ಅದರಡಿ ಡಾಕ್ಟರು ಬದುಕಿದ್ದಾಗಲೇ ತಮ್ಮ ಸ್ಲೈಡಿಗೆಂದು ಬರೆದಿಟ್ಟ ಚೀಟಿ. ಅಕ್ಷರ ಎಷ್ಟು ಸಣ್ಣದೆಂದರೆ ಓದಲು ಅದನ್ನು ಮೈಕ್ರೋಸ್ಕೋಪಿನ ಕೆಳಗಿಡಬೇಕಾಯಿತು. ಅವರ ಹೆಸರು, ಅದರ ಕೆಳಗೆ ‘ಜೋಡಿ ಮರೀಬೇಡ.’

ಹಾಳೆ ತೆಗೆದು ನೋಡಿದೆ. ಹದಿಮೂರರಲ್ಲಿ ಉಳಿದದ್ದು ಹನ್ನೊಂದು, ಗಾಯಗೊಂಡದ್ದು ಐವತ್ತೇಳು. ಇಪ್ಪತ್ತೊಂದರಲ್ಲೂ ಅಷ್ಟೇ. ನಿರ್ದೇಶಕರು ಎಣಿಕೆಯ ದೊಡ್ಡ ಪುಸ್ತಕವನ್ನು ತೆರೆದು ನನ್ನ ಕಡೆ ಸರಿಸಿದರು. ಡಾಕ್ಟರ ಅಕ್ಷರ ಸಣ್ಣದಾಗಿತ್ತು. ಮಧ್ಯದ ಕಾಲಮ್ಮಿನಲ್ಲಿ ಐವತ್ತೇಳು ಎಂದು ನಾನು ದೊಡ್ಡದಾಗಿ ಬರೆದೆ.