ಗವರ್ನರರ ಬಲಗೈ

ನೊಣ ತೋಳಿನ ಮೇಲೆ ಕೂತಿದೆ, ಬಲತೋಳಿನ ಮೇಲೆ, ಒಳಗೆ ಕೈಯೇ ಇಲ್ಲದ ಬರಿಯ ಬಟ್ಟೆಯ ಮೇಲೆ, ಆದರೂ ಹೆಬ್ಬೆರಳು ತುರಿಸುತ್ತಿದೆ – ಕ್ರಿಮಿಯಾದ ಯುದ್ಧದಲ್ಲಿ ಬಿಟ್ಟುಬಂದ ಹೆಬ್ಬೆರಳು ಈ ಆಫ್ರಿಕದ ಸೆಕೆಯಲ್ಲಿ ಯಾಕೆ ತುರಿಸಬೇಕು, ಯಾವ ವೈದ್ಯನೂ ಹೇಳಲಿಲ್ಲ, ಹೆಣದ ಪೆಟ್ಟಿಗೆ ಮುಚ್ಚೋಕೆ ಬಂದವನನ್ನೂ ನೀವು ಪ್ರಶ್ನೆ ಕೇಳ್ತೀರಿ ಬಿಡಿ, ಅನ್ನುತ್ತಿದ್ದಳು ಹೆಂಡತಿ ಅಡಿಲೇಡ್, ಕೇಳದೆ ಬಿಡುತ್ತೇನೆಯೇ – ಎದುರಿಗೆ ದೊಡ್ಡ ಕೊಡೆಯ ನೆರಳಲ್ಲಿ ನಾನಾ ಅಪಿಯಾ, ಈ ಕಾಡುಸೀಮೆಯ ಅರಸ, ನನ್ನನ್ನು ನೋಡುತ್ತಿಲ್ಲ, ನನ್ನ ತೊಡೆಯ ಮೇಲಿನ ಕತ್ತಿಯನ್ನು ನೋಡುತ್ತಿದ್ದಾನೆ, ಅವನ ಅಜ್ಜಂದಿರ ಕತ್ತಿ, ಹೋದ ವರ್ಷ ಈ ಊರನ್ನು ಸುಟ್ಟಾಗ ನಮ್ಮವರು ಎತ್ತಿಕೊಂಡು ಬಂದದ್ದು, ಇವತ್ತು ಅವನು ಇದನ್ನು ತೆಗೆದುಕೊಂಡರೆ ಶಾಂತಿ, ಇಲ್ಲದಿದ್ದರೆ ಹೊಳೆಯಾಚೆ ಕ್ಯಾಪ್ಟನ್ ಟ್ರೆಲೋನಿ ಫಿರಂಗಿ ಹೂಡಿಕೊಂಡು ಕಾಯುತ್ತಿದ್ದಾನೆ, ಕೊಟ್ಟದ್ದನ್ನ ಮುಟ್ಟದೆ ಎದ್ದು ಹೋದವನು ಸಾರ್ ಅವನು, ಇನ್ನೂ ಎಷ್ಟು ಓಲೈಸ್ತೀರಿ, ಅನ್ನುತ್ತಾನೆ. ನಿಜ, ಹೋದ ತಿಂಗಳು ನಾನು ನೀಡಿದ ರೇಷ್ಮೆಯನ್ನು ಮುಟ್ಟದೆ ಎದ್ದು ಹೋದ, ಯಾಕೆ ಹೋದ, ಬಣ್ಣ ಹಿಡಿಸಲಿಲ್ಲವೇ ಎಂದು ತಲೆ ಕೆಡಿಸಿಕೊಂಡೆ, ಇವತ್ತು ಬೆಳಿಗ್ಗೆಯಷ್ಟೇ ದುಭಾಷಿ ಲಾರ್ಟೆ ನೆಲ ನೋಡುತ್ತ ಹೇಳಿದ, ಎಡಗೈಲಿ ಕೊಟ್ರಿ ದೊರೆ, ನಮ್ಮಲ್ಲಿ ನಾಯಿಗೂ ಹಾಗೆ ಕೊಡಲ್ಲ. ಮೊದಲೇ ಹೇಳಬಾರದಿತ್ತೇನಯ್ಯ. ಇಲ್ಲದ ಕೈ ಮಾತು ಹೇಗೆ ಎತ್ಲಿ ದೊರೆ, ನಿಮಗೆ ನೋವಾಗಲ್ವೇ. ಎಡಗೈಗೆ ಬರೆಯಲು ಕಲಿಸಿದೆ, ಕುದುರೆಯ ಲಗಾಮು ಹಿಡಿಯಲು ಕಲಿಸಿದೆ, ಈ ಮೇಜರ್ ಪೆನ್‌ವಾರ್ನ್ ಒಂದೇ ಕೈಯಲ್ಲಿ ಗವರ್ನರ್ ಗಿರಿಯವರೆಗೆ ಏರಿದ ಎಂದು ಬೀಗಿದ್ದೆ, ಆ ಕೈಯಲ್ಲೇ ಊರೂರಿನ ಹಿರಿಯರನ್ನು ಕರೆದು ಪದಕ ಕೊಟ್ಟೆ, ಕರೆದು ಕರೆದು ಅವಮಾನ ಮಾಡಿದೆ, ಅವರು ನಕ್ಕು ತೆಗೆದುಕೊಂಡರು, ನಾಚಿಕೆಯಾಗುತ್ತದೆ.

ಅರಸ ತುಟಿ ಅಲ್ಲಾಡಿಸಿದ, ಪಿಸುಮಾತು, ಸಭೆಯಲ್ಲಿ ಅವನು ತನ್ನ ಬಾಯಿಂದ ಮಾತಾಡುವುದಿಲ್ಲ, ಚಿನ್ನದ ತುದಿಯ ಕೋಲು ಹಿಡಿದ ಮುದುಕ ಅಮಂಕ್ವಾನೇ ಅವನ ಬಾಯಿ, ಅಮಂಕ್ವಾ ಕೇಳಿದ, ಲಾರ್ಟೆ ತಿರುಗಿಸಿ ಹೇಳಿದ, ಬಲಗೈ ಎಲ್ಲಿ ಹೋಯ್ತು. ಯುದ್ಧದಲ್ಲಿ. ಯಾರು ಮಣ್ಣು ಮಾಡಿದ್ರು – ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ಅಡಿಲೇಡ್ ಕೇಳಲಿಲ್ಲ, ನಾನೂ ಕೇಳಲಿಲ್ಲ, ವೈದ್ಯರ ಡೇರೆಯ ಹೊರಗೆ ಒಂದು ಬುಟ್ಟಿ ಇತ್ತು, ಎಲ್ಲದರ ಮೇಲೆ ನನ್ನ ಕೈ, ಅಂಗೈ ಮೇಲಾಗಿ, ಯಾರಾದರೂ ಏನಾದರೂ ಇಡಲಿ ಎಂದು ಕಾಯುವಂತೆ, ಗೊತ್ತಿಲ್ಲ ಎಂದೆ, ಅಯ್ಯೋ ಪಾಪ ಅಂದಳು ಪಕ್ಕದಲ್ಲಿ ಕೂತಿದ್ದ ಅರಸನ ತಾಯಿ – ಹೊಳೆಯಾಚೆ ಕಹಳೆ, ಟ್ರೆಲೋನಿಗೆ ತಾಳ್ಮೆಯಿಲ್ಲ – ಅಲ್ಲ, ಅರಸನ ಮಾತು ಇನ್ನೊಬ್ಬನ ಬಾಯಿಂದ ಬಂದರೂ ಅದು ಅರಸನ ಮಾತೇ ತಾನೇ, ಹಾಗಾದರೆ, ಕೇಳಯ್ಯ ಲಾರ್ಟೆ, ಅರಸರ ಬಾಯಿ ಇನ್ನೊಬ್ಬರ ಹತ್ತಿರ ಇರಬಹುದಾದರೆ ನನ್ನ ಬಲಗೈ ಯಾಕಿರಬಾರದು. ಲಾರ್ಟೆ ತಿರುಗಿಸಿ ಹೇಳಿದ, ಹೆದರಿದೆ, ಅರಸ ನಕ್ಕನೇ, ಹೌದು, ನಕ್ಕ, ಅಮಂಕ್ವಾನತ್ತ ಗದ್ದ ಎತ್ತಿದ.

ಮುದುಕ ಕೋಲನ್ನು ಪಕ್ಕದವನಿಗೆ ಕೊಟ್ಟು ಬಂದ, ನನ್ನ ಬಲಕ್ಕೆ ಬಗ್ಗಿ ಖಾಲಿ ತೋಳಿನ ಪಿನ್ನು ಕಳಚಿ ಬಟ್ಟೆಯನ್ನು ತನ್ನ ಬಲ ಮುಂಗೈಗೆ ಸುತ್ತಿಕೊಂಡ, ಬೇಗ ಇಡಿ ದೊರೆ, ನನ್ನ ಸೊಂಟ ಹಿಡ್ಕೊಳ್ಳುತ್ತೆ, ಮುದುಕನ ಗೊಣಗಾಟವನ್ನೂ ಲಾರ್ಟೆ ತಿರುಗಿಸಿದ, ಕತ್ತಿಯನ್ನು ಎಡಗೈಯಿಂದ ಬಲಗೈಯಲ್ಲಿ ಇಟ್ಟೆ, ಅದು ನನ್ನ ಮನೆಯೊಳಗಿನ ವ್ಯವಹಾರ, ಅರಸ ಎದ್ದು ಬಂದ, ತೆಗೆದುಕೊಂಡ, ಕೊಂಬು ಊದಿದರು, ತುರಿಕೆ ನಿಂತಿದೆ, ಫಿರಂಗಿ ಇಳಿಸು ಎಂದು ಹೇಳಿಕಳಿಸಬೇಕು, ಈಗಲೇ, ಆದರೆ ಕತ್ತಿ ಹೋದ ಮೇಲೂ ಕೈ ಹಾಗೇ ಇದೆ, ನನ್ನ ತೋಳಿನಿಂದ ಹೊರಬಂದ ಕೈ, ಅದರ ತುಂಬ ಸುಟ್ಟ ಕಲೆ, ಹಳೆಯದಲ್ಲ, ಚರ್ಮ ಇನ್ನೂ ಹೊಸದು, ಹೋದ ವರ್ಷದ್ದೇ, ಯಾವ ಮನೆಯಲ್ಲಿ, ಯಾರನ್ನು ಹೊರಗೆಳೆಯಲು ಹೋಗಿ, ಕೇಳಬೇಕು, ಲಾರ್ಟೆ ಇಲ್ಲೇ ಇದ್ದಾನೆ, ಬಾಯಿ ಬರುತ್ತಿಲ್ಲ, ಅಂಗೈ ಮೇಲಾಗಿ, ಖಾಲಿ, ಅಂಗೈ ಮೇಲಾಗಿ