ಮಸಿಯಾಗದ ಮದ್ದು

2003ರಲ್ಲಿ ನಾನು ಅಮೆರಿಕದ ವಾರೆನ್‌ನಲ್ಲಿ ಕಾರು ಡಿಸೈನ್ ಮಾಡುತ್ತಿದ್ದೆ. ಭಾನುವಾರ ಬಂತೆಂದರೆ ಗೆಳೆಯ ಜುನೈದನ ಜೊತೆ ಪಿಸ್ತೂಲು ಹಿಡಿದು ಶೂಟಿಂಗ್ ರೇಂಜಿಗೆ ಓಟ. ಖಾಲಿ ತೋಟಾಗಳಿಗೆ ಗನ್‌ಪೌಡರ್ ತುಂಬಿ ಗುಂಡುಗಳನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಹಳೆಯ ಡಬ್ಬಿಯ ಪುಡಿ ಎಂಥ ದರಿದ್ರದ್ದೆಂದರೆ, ಐವತ್ತು ಗುಂಡು ಹಾರಿಸುವಷ್ಟರಲ್ಲಿ ಪಿಸ್ತೂಲು, ಕೈ, ಅಂಗಿ ಎಲ್ಲ ಮಸಿ.

ಆ ಶನಿವಾರ ಫೋನ್ ಎತ್ತಿದ್ದು ಗದಗಿನಿಂದ ಬಂದಿದ್ದ ನನ್ನ ಅವ್ವ. ಬಿಜಾಪುರದ ಜುನೈದ ಗನ್‌ಪೌಡರನ್ನು ಊರಿನ ರೂಢಿಯಂತೆ ಮದ್ದು ಎಂದೇ ಕರೆಯುತ್ತಿದ್ದ. "ಅವ್ವಾರ, ಹೊಸಾ ಮದ್ದು ತಂದೀನಿ. ಭಾಳ ಚಲೋ ಐತಿ, ಒಂಚೂರೂ ಮಸಿ ಆಗಂಗಿಲ್ಲ. ಸಂಗಮೇಶಗ ಬಾ ಅಂತ ಹೇಳ್ರಿ" ಎಂದನಂತೆ.

ಮೊಣಕಾಲು ನೋವೆಂದು ದೇವಸ್ಥಾನಕ್ಕೂ ಬರದಿದ್ದ ಅವ್ವ, "ನಾನೂ ಬರ್ತೀನಿ" ಎಂದು ಕಾರು ಹತ್ತಿದಳು.

ಹತ್ತಿರದ ನೋವೈ ಊರಿನ ತನ್ನ ಗ್ಯಾರೇಜಿನಲ್ಲಿ ಜುನೈದ ಅಳತೆ ಯಂತ್ರದ ಹಿಡಿಕೆ ಎಳೆದ. ಬಿದ್ದ ಚಿಟಿಕೆ ಪುಡಿಯನ್ನು ಪುಟ್ಟ ತಕ್ಕಡಿಯಲ್ಲಿಟ್ಟ. ತುಸು ಹೆಚ್ಚಿತ್ತು. ವಾಪಸು ಸುರಿದು, ತಿರುಪು ತಿರುಗಿಸಿ, ಮತ್ತೆ ಎಳೆದ, ಮತ್ತೆ ತೂಗಿದ, ಮತ್ತೆ ಸುರಿದ.

ನನ್ನ ತಾಳ್ಮೆ ಕೆಟ್ಟಿತು. "ಸಾಕ್ ಮಾಡೋ, ಬಂಗಾರ ತೂಗಾಕತ್ತೀಯೇನು?"

"ಸುಮ್ನಿರಲೇ. ಇದು ಹೆಚ್ಚಾದ್ರೂ ಅಪಾಯ, ಕಡಿಮಿ ಆದ್ರೂ ಅಪಾಯ."

ಅವ್ವ ಹೌದೆಂಬಂತೆ ತಲೆದೂಗಿದಳು.

ಹತ್ತು ಸಲ ಎಳೆದರೂ ಒಂದೇ ತೂಕ ಬಂದಾಗ ಜುನೈದನ ಮುಖ ಅರಳಿತು. "ಮದ್ದು ರೆಡಿ!"

ಅವ್ವ ಕುರ್ಚಿ ಎಳೆದು ಕೂತು, ಸೀರೆಯನ್ನು ಮೊಣಕಾಲವರೆಗೆ ಎತ್ತಿದಳು.

"ನಮ್ಮ ಡಾಕ್ಟರು ಒಮ್ಮೆನೂ ಇಷ್ಟು ತೂಗಿ ಕೊಟ್ಟಿಲ್ಲ. ಸೀರಿ ಹೊಸಾದೈತಿ, ಮಸಿ ಆಗಂಗಿಲ್ಲ ಅಂದೀಯಲ್ಲ, ಹಚ್ಚಪಾ."