ಮೂಲೆ ಪಾರ್ಕಿನ ಹೊರೆಗಲ್ಲು

ನಾನು ಒಂದು ಹೊರೆಗಲ್ಲು. ನೀವು ನನ್ನನ್ನು ನೋಡಿದ್ದರೂ ನೋಡಿರಬಹುದು, ಆದರೆ ಗುರುತು ಹಿಡಿದಿರಲಿಕ್ಕಿಲ್ಲ. ನೆಟ್ಟಗೆ ನಿಂತ ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡಡ್ಡ ಮಲಗಿಸಿದ ಒಂದು ಚಪ್ಪಡಿ, ಇಷ್ಟೇ ನನ್ನ ರೂಪ. ಲೆಕ್ಕಕ್ಕೆ ಮೂರು ಕಲ್ಲು. ಆದರೆ ಇಷ್ಟು ಕಾಲ ಒಟ್ಟಿಗೆ ನಿಂತ ಮೇಲೆ ‘ನಾವು’ ಅನ್ನುವುದೇ ಮರೆತುಹೋಗಿದೆ.

ನಾನು ಹುಟ್ಟಿದ್ದು ಮೈಸೂರಿನ ಅಂಚಿನ ಒಂದು ಬಂಡೆಯಲ್ಲಿ. ನನ್ನನ್ನು ಸೀಳಿ ತೆಗೆದವನು ತಿಮ್ಮಬೋವಿ. ಅವನ ಉಳಿ ಚೂಪು, ಬಾಯಿ ಇನ್ನೂ ಚೂಪು. ಕೆಲಸ ಮಾಡಿಸಲು ಬಂದವರನ್ನು ಬೈಯದೆ ಕಳಿಸಿದವನಲ್ಲ. ಆದರೆ ಸಣ್ಣಮಾದ ಎಂಬ ಕೂಲಿಯಾಳು ಬಂದು ಎದುರು ನಿಂತ ದಿನ ಮಾತ್ರ ಅವನು ಬೈಯಲಿಲ್ಲ.

“ಎಷ್ಟೆತ್ತರ ಇರ್ಬೇಕಪ್ಪ?” ಎಂದು ಕೇಳಿದ.

ಸಣ್ಣಮಾದ ತನ್ನ ಭುಜದ ಹತ್ತಿರ ಕೈಯನ್ನು ಅಡ್ಡ ಹಿಡಿದು ತೋರಿಸಿದ. “ಅವ್ಳ ತಲೆ ಇಲ್ಲಿಗೆ ಬರ್ತಿತ್ತು. ಅದ್ಕಿಂತ ಒಂಚೂರು ತಗ್ಗಿಸು.”

ಅವಳು ಎಂದರೆ ಅವನ ಹೆಂಡತಿ ನಿಂಗಿ, ಹುಲ್ಲು ಮಾರುವವಳು. ಆಗ ಪಟ್ಟಣದ ಜಟಕಾ ಕುದುರೆಗಳಿಗೆಲ್ಲ ಹಸಿ ಹುಲ್ಲು ಬೇಕಿತ್ತು. ಸುತ್ತಲಿನ ಹಳ್ಳಿಗಳ ಹೆಂಗಸರು ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುತ್ತಿದ್ದರು. ಹೊರೆಯ ಕಷ್ಟ ಹೊತ್ತವರಿಗೇ ಗೊತ್ತು. ದಣಿದೆ ಎಂದು ಕೆಳಗಿಳಿಸಿದರೆ ಮತ್ತೆ ಒಬ್ಬರೇ ಎತ್ತಿಕೊಳ್ಳಲಾಗದು; ಇನ್ನೊಂದು ಜೊತೆ ಕೈ ಬೇಕು. ನಿಂಗಿ ತುಂಬು ಬಸುರಿಯಾಗಿದ್ದಾಗ ಒಂದು ದಿನ ಹೀಗೇ ಹೊರೆ ಹೊತ್ತು ಬರುತ್ತಿದ್ದಳು. ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು. ನಡುದಾರಿಯಲ್ಲಿ ಅವಳಿಗೆ ನೋವು ಕಾಣಿಸಿಕೊಂಡಿತು. ಹೊರೆ ಹೊತ್ತುಕೊಂಡೇ ನಿಂತಳು. ಬಂದವರನ್ನೆಲ್ಲ “ಒಂದ್ ಕೈ ಹಿಡೀರಿ” ಎಂದು ಕೇಳಿದಳು. ದಾರಿಯಲ್ಲಿ ಜನಕ್ಕೇನೂ ಬರವಿರಲಿಲ್ಲ. ಆದರೆ ಅವಳು ಕೆಳಗಿನ ಕೇರಿಯವಳು. ಅವಳ ಹೊರೆ ಮುಟ್ಟಿದರೆ ಮೈಲಿಗೆಯಾದೀತೆಂದು ಒಬ್ಬೊಬ್ಬರೂ ದಾರಿಯ ಆಚೆ ಬದಿಗೆ ಸರಿದುಕೊಂಡು ನಡೆದರು. ಕೆಡವಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೆಡವಿದರೆ ಅಂದಿನ ಹುಲ್ಲೂ ಹೋಯಿತು, ಅಂದಿನ ಗಂಜಿಯೂ ಹೋಯಿತು. ಇನ್ಯಾರಾದರೂ ಬಂದಾರು ಎಂದು ಕಾಯುತ್ತ ಕಾಯುತ್ತ ಅಲ್ಲೇ ಕುಸಿದಳು. ಹೊಟ್ಟೆಯಲ್ಲಿದ್ದ ಮಗುವೂ ಅವಳ ಜೊತೆಗೇ ಹೋಯಿತು.

ಆ ಜಾಗದಲ್ಲಿ ಸಣ್ಣಮಾದ ನನ್ನನ್ನು ನಿಲ್ಲಿಸಿದ. ತಲೆಯ ಮಟ್ಟಕ್ಕೆ ಚಪ್ಪಡಿ ಇರುವುದರಿಂದ ಹೊತ್ತವರು ಬಾಗಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಹತ್ತಿರ ಬಂದು ನಿಂತು ಹೊರೆಯನ್ನು ನನ್ನ ಮೇಲೆ ಜಾರಿಸಿದರೆ ಮುಗಿಯಿತು. ದಣಿವಾರಿದ ಮೇಲೆ ಮತ್ತೆ ತಲೆಗೆ ಎಳೆದುಕೊಂಡರೆ ಮುಗಿಯಿತು.

ಆಹಾ, ಎಂಥೆಂಥ ಹೊರೆಗಳು! ಹುಲ್ಲು, ಸೌದೆ, ಬಾಳೆ ಎಲೆ, ಮಡಕೆ, ಒಂದು ಸಲ ಮದುವೆಗೆ ಹೊರಟ ಒಂದು ದೊಡ್ಡ ಕೊಪ್ಪರಿಗೆ. ಹೊರೆ ಇಳಿಸಿದವರು ಸುಮ್ಮನಿರುತ್ತಾರೆಯೇ? ಅತ್ತೆಯ ಕಾಟ, ನಾದಿನಿಯ ಕೊಂಕು, ಯಾರ ಹಸು ಯಾರ ಹೊಲಕ್ಕೆ ನುಗ್ಗಿತು ಎಂಬುದೆಲ್ಲ ನನ್ನೆದುರೇ ಬಿಚ್ಚಿಕೊಳ್ಳುತ್ತಿತ್ತು. ಕಥೆ ಅರ್ಧಕ್ಕೆ ಬಂದಾಗ ದಣಿವಾರಿ ಎದ್ದು ಹೋಗುವವರ ಮೇಲೆ ನನಗೆ ಭಾರಿ ಸಿಟ್ಟು ಬರುತ್ತಿತ್ತು. ಆ ಕೊಪ್ಪರಿಗೆಯ ಮದುವೆ ನಡೆಯಿತೋ ಮುರಿಯಿತೋ ಇವತ್ತಿಗೂ ನನಗೆ ತಿಳಿದಿಲ್ಲ.

ಕೆಳಗಿನ ಕೇರಿಯ ಒಂದು ಪದ್ಧತಿಯನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ನಿಂಗಿಗೆ ಮೊದಲ ಮಗಳೊಬ್ಬಳಿದ್ದಳು. ಅವಳು ಬಸುರಿಯಾಗಿ ಏಳನೆಯ ತಿಂಗಳಿಗೆ ಬಿದ್ದಾಗ ಸಣ್ಣಮಾದ ಅವಳ ತಲೆಯ ಮೇಲೆ ಹಸಿ ಹುಲ್ಲಿನ ಹೊರೆಯೊಂದನ್ನು ಇಟ್ಟು ನನ್ನ ಹತ್ತಿರ ಕರೆತಂದ. ಅವಳು ಹೊರೆಯನ್ನು ನನ್ನ ಮೇಲೆ ಇಳಿಸಿ, ಹಿಂದಿರುಗಿ ನೋಡದೆ ಬರಿತಲೆಯಲ್ಲಿ ಮನೆಗೆ ಹೋದಳು. ಸುಖವಾಗಿ ಹೆತ್ತಳು. ಅಂದಿನಿಂದ ಆ ಮನೆಯ ಬಸುರಿಯರೆಲ್ಲ ಹಾಗೆಯೇ ಮಾಡುತ್ತಾರೆ. ದಾರಿಯಲ್ಲಿ ಆ ಹೊರೆಗೆ ಮನೆಯವರ ಕೈ ಸೋಕಬಾರದು, ಅದು ನೆಲ ಮುಟ್ಟಬಾರದು. ಆಮೇಲೆ ಹುಲ್ಲು ಯಾವ ಹಸುವಿನ ಪಾಲಾದರೂ ಸರಿ.

ಕಾಲ ಹೀಗೇ ನಿಲ್ಲಲಿಲ್ಲ. ಸೈಕಲ್ ಬಂತು, ಬಸ್ಸು ಬಂತು. ಜಟಕಾ ಹೋದ ಮೇಲೆ ಹುಲ್ಲೂ ಹೋಯಿತು. ಹಳ್ಳಿಯ ಹೊಲಗಳೆಲ್ಲ ಬಡಾವಣೆಯಾದವು. ಮೂರು ರಸ್ತೆಗಳು ಒಂದಕ್ಕೊಂದು ಸರಿಯಾಗಿ ಕೂಡದೆ ನಡುವೆ ಒಂದು ತ್ರಿಕೋನ ಉಳಿಯಿತು. ಆ ಮುಕ್ಕು ಮೂಲೆಯಲ್ಲಿ ಮನೆ ಕಟ್ಟಿದರೆ ಏಳಿಗೆಯಿಲ್ಲ ಎಂದು ಯಾರೂ ಸೈಟು ಕೇಳಲಿಲ್ಲ. ಯಾರಿಗೂ ಬೇಡದ ಜಾಗ ಎಲ್ಲರ ಪಾರ್ಕಾಯಿತು. ನಾನು ಇದ್ದಲ್ಲೇ ಇದ್ದೆ; ಪಾರ್ಕೇ ಬಂದು ನನ್ನನ್ನು ಸುತ್ತುವರಿಯಿತು. ನಿಮ್ಮ ಊರಿನ ಸಣ್ಣ ಪಾರ್ಕುಗಳನ್ನೂ ಒಮ್ಮೆ ಕೆದಕಿ ನೋಡಿ. ಕೆರೆಯ ಬಾಲವೋ, ಸುಂಕದ ಕಟ್ಟೆಯೋ, ಯಾರದೋ ಕಣವೋ ಅಡಿಯಲ್ಲಿ ಸಿಕ್ಕೇ ಸಿಗುತ್ತದೆ.

ಪಾರ್ಕಿನ ಜನಕ್ಕೆ ನಾನೊಂದು ಒಗಟಾದೆ. ಹಳೆಯ ದೇವಸ್ಥಾನದ ಬಾಗಿಲು ಎಂದರು ಕೆಲವರು. ಒಂದು ಶ್ರಾವಣದಲ್ಲಿ ನನಗೆ ಅರಿಸಿನ ಕುಂಕುಮವೂ ಆಯಿತು. ಕಸರತ್ತಿನ ಕಂಬ ಎಂದು ಇಬ್ಬರು ತರುಣರು ಕಾಲು ಮಡಿಸಿ ನೇತಾಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಪಾರ್ಕ್ ಸಮಿತಿಯ ಅಧ್ಯಕ್ಷ ಶ್ರೀಕಂಠಸ್ವಾಮಿ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು, ಬಿಳಿ ಪಂಚೆ, ಬಿಳಿ ಶರ್ಟು, ಒಳ್ಳೆಯ ಮನುಷ್ಯ, ಆದರೆ ಅನುಮಾನ ಎಂಬುದು ಅವರ ಹತ್ತಿರ ಸುಳಿದಿಲ್ಲ.

“ಇದು ಬೆಂಚು ಕಣ್ರೀ. ಯಾವನೋ ತಲೆಕೆಟ್ಟ ಕಂಟ್ರಾಕ್ಟರು ಎತ್ತರ ಮಾಡಿಟ್ಟಿದಾನೆ. ಕಂಬಾನ ಇನ್ನೂ ಮೂರಡಿ ಹೂತ್ರೆ ನಾಲ್ಕು ಜನ ಕೂತ್ಕೋಬಹುದು.”

ಸಮಿತಿ ತಲೆಯಾಡಿಸಿತು. ನನ್ನನ್ನು ತಗ್ಗಿಸುವುದೆಂದು ತೀರ್ಮಾನವಾಯಿತು. ಕೂರಲು ಜಾಗ ಕೊಡಬಾರದೆಂಬ ಜಿಪುಣತನ ನನ್ನದಲ್ಲ. ಆದರೆ ನನ್ನ ಎತ್ತರವೇ ನಿಂಗಿಯ ಎತ್ತರ. ಅವಳದೆಂದು ಈ ಲೋಕದಲ್ಲಿ ಉಳಿದದ್ದು ಅದೊಂದೇ. ಅದೂ ಹೋದರೆ ಅವಳ ಮನೆಯ ಬಸುರಿಯರು ಹೊರೆ ಇಳಿಸುವುದೆಲ್ಲಿ?

ಆ ದಿನಗಳಲ್ಲೇ ಜಯಶೀಲಾ ಸಿಸ್ಟರ್ ಬಂದದ್ದು. ಬದುಕಿಡೀ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ದಿನವೂ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ, ಒಂದೇ ಪಾರ್ಕನ್ನು ಗಾಣದೆತ್ತಿನ ಹಾಗೆ ಸುತ್ತಲು ಬೇಸರವಾಗಿ, ಊರಿನ ಸಣ್ಣಪುಟ್ಟ ಪಾರ್ಕುಗಳನ್ನೆಲ್ಲ ಹುಡುಕಿಕೊಂಡು ಹೋಗುತ್ತಿದ್ದರು. ಹೋದಲ್ಲೆಲ್ಲ ಒಂದೇ ಪ್ರಶ್ನೆ: “ಇದಕ್ಕೆ ಮುಂಚೆ ಇಲ್ಲಿ ಏನಿತ್ತು?” ನನ್ನಂಥ ಕುತೂಹಲದ ಪ್ರಾಣಿ ಮನುಷ್ಯರಲ್ಲೂ ಇದೆಯಲ್ಲ ಎಂದು ನನಗೆ ಬಹಳ ಖುಷಿಯಾಯಿತು.

ಅವರು ಬಂದ ಬೆಳಿಗ್ಗೆ ನನ್ನ ಮೇಲೆ ಬಾಡಿದ ಹುಲ್ಲಿನ ಹೊರೆ ಇತ್ತು. ಹಿಂದಿನ ದಿನ ನಿಂಗಿಯ ಮನೆತನದ ಒಬ್ಬ ಸೊಸೆ ಇಳಿಸಿ ಹೋದದ್ದು. ಸಿಸ್ಟರ್ ಅದನ್ನು ಮುಟ್ಟಿ ನೋಡಿದರು, ಮೂಸಿ ನೋಡಿದರು, ನನ್ನ ಪಕ್ಕ ನಿಂತು ತಮ್ಮ ಎತ್ತರವನ್ನೂ ನೋಡಿಕೊಂಡರು. ಮಾಲಿಯನ್ನು ಕೇಳಿದರೆ “ಕೇರಿಯೋರು ಯಾವಾಗ್ಲಾದ್ರೂ ಇಟ್ಟೋಯ್ತಾರೆ ಕಣಮ್ಮ” ಎಂದ. ಅಷ್ಟು ಸಾಕಾಯಿತು. ಸಿಸ್ಟರ್ ಅಲ್ಲಿಂದ ನೇರವಾಗಿ ಕೇರಿಗೆ ಹೋದರು.

ಹಾರೆ ಗುದ್ದಲಿಯ ಆಳುಗಳು ಬಂದು ನನ್ನ ಬುಡಕ್ಕೆ ಕೈಹಾಕಿದ ದಿನ ಸಿಸ್ಟರ್ ಒಬ್ಬ ಮುದುಕಿಯನ್ನು ಕರೆತಂದರು. ಪುಟ್ಟತಾಯಮ್ಮ, ನಿಂಗಿಯ ವಂಶದವಳು. ಕೋಲೂರಿಕೊಂಡು ಬಂದವಳೇ ಆಳುಗಳಿಗೂ ನನಗೂ ನಡುವೆ ನಿಂತಳು.

“ಏನಮ್ಮಾ ಇದು, ಕೆಲಸಕ್ಕೆ ಅಡ್ಡ?” ಎಂದರು ಶ್ರೀಕಂಠಸ್ವಾಮಿ.

“ನನ್ ಮೊಮ್ಮಗಳು ಪವಿತ್ರಂಗೆ ಈಗ ಐದು ತಿಂಗ್ಳು ಸ್ವಾಮಿ. ಎಲ್ಡು ತಿಂಗ್ಳು ಬುಟ್ಟು ಅವ್ಳು ಹೊರೆ ತರ್ಬೇಕು. ಕಲ್ಲ ತಗ್ಗುಸ್ಬುಟ್ರೆ ಎಲ್ಲಿಗ್ ತರಾಳು?”

ಆಮೇಲೆ ಅವಳು ನಿಂಗಿಯ ಕಥೆ ಹೇಳಿದಳು. ಅಳಲಿಲ್ಲ, ಬೈಯಲಿಲ್ಲ. ಯಾರೂ ಯಾಕೆ ಕೈಕೊಡಲಿಲ್ಲ ಎಂದು ಒಬ್ಬರು ಕೇಳಿದಾಗ, “ನಮ್ ಹೊರೆ ಯಾರ್ ಮುಟ್ತಾರೆ?” ಎಂದಳು, ಅಷ್ಟೇ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸಿಸ್ಟರ್ ಮುದುಕಿಯ ಪಕ್ಕಕ್ಕೆ ಬಂದು ನಿಂತರು. “ಎಷ್ಟೋ ಹೆರಿಗೆ ಮಾಡಿಸಿದೀನಿ ಸಾರ್. ದಾರೀಲಿ ಕಳ್ಕೊಂಡು ಬಂದೋರನ್ನೂ ನೋಡಿದೀನಿ. ಈ ಕಲ್ಲನ್ನ ಮುಟ್ಟಬೇಡಿ” ಎಂದರು.

ಶ್ರೀಕಂಠಸ್ವಾಮಿ ಕೆಟ್ಟವರಲ್ಲ ಎಂದೆನಲ್ಲ. ಅವರ ಮನಸ್ಸು ಕರಗಿತು, ಕರಗಿ ಅತಿಯಾಯಿತು. ನಾನು ರಾತ್ರಿ ಬೆಳಗಾಗುವುದರಲ್ಲಿ ಸ್ಮಾರಕವಾದೆ. ಸುತ್ತ ಆಳೆತ್ತರದ ಸ್ಟೀಲ್ ಕಂಬಿ ಬಂತು, ಮೇಲೆ ತಗಡು ಬಂತು, ಬಾಗಿಲಿಗೆ ಬೀಗ ಬಂತು; ಹೊರೆ ಬಂದ ದಿನ ತೆಗೆದುಕೊಟ್ಟರಾಯಿತು ಎಂದರು ಅಧ್ಯಕ್ಷರು. ಎದುರಿಗೆ ಬೋರ್ಡು: ‘ಪ್ರಾಚೀನ ಹೊರೆಗಲ್ಲು. ಮುಟ್ಟಬಾರದು.’ ತಗ್ಗಿಸುವುದು ತಪ್ಪಿತೆಂದು ನಿಟ್ಟುಸಿರು ಬಿಡಲು ಹೋದವನು ಆ ಬೋರ್ಡು ಓದಿ ಹಾಗೇ ನುಂಗಿಕೊಂಡೆ. ಯಾರೂ ಮುಟ್ಟಲಿಲ್ಲ ಎಂದು ಹುಟ್ಟಿದ ಕಲ್ಲಿಗೆ ಇಂಥ ಮರ್ಯಾದೆ!

ಎರಡು ತಿಂಗಳು ಕಳೆಯಿತು. ಮಂಜು ಇನ್ನೂ ಆರಿರದ ಒಂದು ಬೆಳಿಗ್ಗೆ ಪವಿತ್ರ ಬಂದಳು. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ಹಿಂದೆ ಕೋಲೂರುತ್ತ ಪುಟ್ಟತಾಯಮ್ಮ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೆ ಇದರಲ್ಲೆಲ್ಲ ಅಷ್ಟೇನೂ ನಂಬಿಕೆಯಿಲ್ಲ, ಅಜ್ಜಿಗಾಗಿ ಬಂದಿದ್ದಳು. ಕಂಬಿಯ ಮುಂದೆ ಬಂದು ನಿಂತಳು. ಬೀಗ.

ಹೊತ್ತು ನಡೆಯುವುದು ಒಂದು ಕಷ್ಟ. ಹೊತ್ತು ನಿಲ್ಲುವುದು ಅದಕ್ಕಿಂತ ದೊಡ್ಡ ಕಷ್ಟ. ಅವಳ ಕತ್ತಿನ ನರ ಉಬ್ಬಿದ್ದು ನನಗೆ ಕಾಣಿಸುತ್ತಿತ್ತು. ಸುತ್ತು ಹಾಕುತ್ತಿದ್ದ ಶ್ರೀಕಂಠಸ್ವಾಮಿ ಹತ್ತಿರ ಬಂದರು. ಜೇಬು ತಡಕಿದರು. ಬೀಗದ ಕೈ ಮನೆಯಲ್ಲಿತ್ತು.

“ಕೆಳಗಿಡಮ್ಮ, ತರಿಸ್ತೀನಿ.”

“ನೆಲ ಮುಟ್ಟಂಗಿಲ್ಲ ಸ್ವಾಮಿ” ಎಂದಳು ಪುಟ್ಟತಾಯಮ್ಮ.

“ಮತ್ತೆ ನೀನಾದ್ರೂ ಹಿಡ್ಕೊ.”

“ಮನೆಯೋರ ಕೈ ಸೋಕಂಗಿಲ್ಲ.”

ಅವರು ಹುಡುಗಿಯ ಮುಖ ನೋಡಿದರು. ಅವಳ ಹಣೆಯಲ್ಲಿ ಬೆವರಿತ್ತು. ತಮ್ಮ ಬಿಳಿ ಶರ್ಟನ್ನೂ ಒಮ್ಮೆ ನೋಡಿಕೊಂಡರು. ಆಮೇಲೆ ಅವರು ಎರಡೂ ಕೈ ಚಾಚಿದರು.

“ಕೊಡು ತಾಯಿ, ನನ್ ತಲೆ ಮೇಲಿಡು.”

ಹೊರೆ ಅವರ ತಲೆಗೆ ಹೋಯಿತು. ಪವಿತ್ರ ಕತ್ತು ನೀವಿಕೊಂಡು, ಹಿಂದಿರುಗಿ ನೋಡದೆ ಗೇಟು ದಾಟಿದಳು. ಸದ್ದು ಕೇಳಿ ಆಚೆ ಮೂಲೆಯಿಂದ ಬಂದ ಸಿಸ್ಟರ್ ಬೀಗದ ಕೈ ತರಲು ಅಧ್ಯಕ್ಷರ ಮನೆಗೆ ಹೊರಟರು. ಅವರ ನಡಿಗೆ ನನಗೆ ಗೊತ್ತು. ಅಂದು ಬೇಕೆಂದೇ ನಿಧಾನ ಮಾಡಿದರು ಎಂದು ನನಗೆ ಈಗಲೂ ಅನುಮಾನ.

ಶ್ರೀಕಂಠಸ್ವಾಮಿ ನಿಂತರು. ಹುಲ್ಲಿನ ನೀರು ಕುತ್ತಿಗೆಯಿಂದ ಬೆನ್ನಿಗಿಳಿಯಿತು. ಇರುವೆಗಳು ಶರ್ಟಿನೊಳಗೆ ದಾರಿ ಹುಡುಕಿದವು. ಕೈ ಬಿಟ್ಟರೆ ಹೊರೆ ಜಾರುತ್ತದೆ, ಬಿಡದಿದ್ದರೆ ತುರಿಸಿಕೊಳ್ಳುವ ಹಾಗಿಲ್ಲ. ವಾಕಿಂಗಿಗೆ ಬಂದವರು ಅವರನ್ನು ನೋಡಿದರು. ಒಬ್ಬರು ನಕ್ಕು ಹೋದರು. ಒಬ್ಬರು ಕಿವಿಯ ವೈರು ತೆಗೆಯದೆ ನಮಸ್ಕಾರ ಮಾಡಿ ಹೋದರು. ಇದೇನೋ ಹರಕೆ ಇರಬೇಕೆಂದು ಇನ್ನಿಬ್ಬರು ದಾರಿ ಬಿಟ್ಟು ಹುಲ್ಲಿನ ಮೇಲೆ ಸರಿದು ನಡೆದರು.

“ಯಾರಾದ್ರೂ ಒಂದ್ ಕೈ ಹಿಡೀರಪ್ಪ” ಎಂದರು ಶ್ರೀಕಂಠಸ್ವಾಮಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

ಕೊನೆಗೂ ಸಿಸ್ಟರ್ ಬಂದು ಬೀಗಕ್ಕೆ ಕೈ ಹಾಕಿದರು. “ಬೀಗ ಆಮೇಲೆ ಸಿಸ್ಟರ್, ಮೊದಲು ಇದನ್ನ ಹಿಡೀರಿ!” ಎಂದು ಅವರು ಹೆಚ್ಚುಕಡಿಮೆ ಕೂಗಿಯೇಬಿಟ್ಟರು. ಸಿಸ್ಟರ್ ಹೊರೆ ಹಿಡಿದರು, ಬಾಗಿಲು ತೆರೆಯಿತು, ಹುಲ್ಲು ನನ್ನ ಮೇಲೆ ಬಂತು. ಶ್ರೀಕಂಠಸ್ವಾಮಿ ನನಗೆ ಒರಗಿ ಬಹಳ ಹೊತ್ತು ಸುಧಾರಿಸಿಕೊಂಡರು. ಆಮೇಲೆ ಪುಟ್ಟತಾಯಮ್ಮನನ್ನು ಕೇಳಿದರು.

“ಆವತ್ತು ಆಯಮ್ಮ ಎಷ್ಟ್ ಹೊತ್ತು ನಿಂತಿದ್ರಂತೆ?”

“ನೋಡ್ದೋರೆಲ್ಲ ಹೊಂಟೋದ್ರಲ್ಲ ಸ್ವಾಮಿ, ಯಾರ್ನ ಕೇಳಾದು?” ಎಂದಳು ಪುಟ್ಟತಾಯಮ್ಮ.

ಅದೇ ವಾರ ಕಂಬಿ ಕಿತ್ತರು, ಬೋರ್ಡೂ ಹೋಯಿತು. ಪವಿತ್ರಳಿಗೆ ಹೆಣ್ಣು ಮಗುವಾಯಿತೆಂದು ಸಿಸ್ಟರ್ ಬಂದು ಹೇಳಿದರು. ಈಗ ನನಗೆ ವಯಸ್ಸಾಗಿದೆ. ಎಡಗಂಬ ಸ್ವಲ್ಪ ವಾಲಿದೆ, ಚಪ್ಪಡಿಯ ಮೇಲೆ ಪಾಚಿ ಕೂತಿದೆ. ನನ್ನನ್ನು ನೋಡಲು ಜನ ಬರುತ್ತಾರೆ. ನಾನು ಎಷ್ಟು ಹಳಬ, ಎಷ್ಟು ಅಪರೂಪದವನು ಎಂದು ಮೆಚ್ಚುತ್ತಾರೆ. ಮೆಚ್ಚಿದರೆ ನನಗೂ ಹಿತವೇ. ಆದರೆ ಸುಳ್ಳು ಹೇಳಲಾರೆ. ಅಂದು ಆ ದಾರಿಯಲ್ಲಿ ಹೋದವರಲ್ಲಿ ಒಬ್ಬರೇ ಒಬ್ಬರು ಕೈ ಚಾಚಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ, ಆ ಬಂಡೆಯಲ್ಲೇ ಇರುತ್ತಿದ್ದೆ. ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು.